ಒಂದು ಚಿಟಿಕೆ ಸೋಡಾ: ಸಾದಾ ಅಕ್ವೇರಿಯಂನಲ್ಲಿ ಗಿಡ ಉಳಿಸಿಕೊಳ್ಳುವ ಬಗ್ಗೆ

ಕಳೆದ ತಿಂಗಳು ಒಂದು ಭಾನುವಾರ ಮೈಸೂರಿನಲ್ಲಿ ಮೀನು ಸಾಕುವ ಗೆಳೆಯರೆಲ್ಲ ಸೇರಿದ್ದೆವು. ಅವತ್ತು ನಾನು ಆಡಿದ ಮಾತನ್ನು ಬರೆದು ಕೊಡಿ ಅಂತ ಬರಲಾಗದ ಕೆಲವರು ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನ ಒಂದು ಪ್ರಯೋಗ ನೆನಪು ಮಾಡಿಕೊಳ್ಳಿ. ಬೀಕರಿನಲ್ಲಿ ನೀರು, ನೀರಿನಲ್ಲಿ ಹೈಡ್ರಿಲ್ಲಾ ಗಿಡ, ಅದರ ಮೇಲೆ ತಲೆಕೆಳಗಾಗಿ ಇಟ್ಟ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿದ ಪ್ರನಾಳ. ಮೇಷ್ಟ್ರು ಅದನ್ನು ಬಿಸಿಲಿಗೆ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಗುಳ್ಳೆ ಏಳುತ್ತಿತ್ತು. ನೆರಳಿಗೆ ತಂದರೆ ಗುಳ್ಳೆ ಕಮ್ಮಿ. ಗಿಡಕ್ಕೆ ಬೆಳಕು ಬೇಕು ಅಂತ ನಾವೆಲ್ಲ ನೋಟ್ಸ್ ಬರೆದುಕೊಂಡೆವು. ಆದರೆ ಗಿಡ ಇಡುವ ಮೊದಲು ಮೇಷ್ಟ್ರು ಇನ್ನೊಂದು ಕೆಲಸ ಮಾಡುತ್ತಿದ್ದರು. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದರು.

ಬಿಸಿಲು ನಮಗೆಲ್ಲ ನೆನಪಿದೆ, ಸೋಡಾ ಮರೆತುಹೋಗಿದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಸೋಡಾದ ಕಥೆಯನ್ನೇ. ಗಿಡ ಮೈ ಕಟ್ಟಿಕೊಳ್ಳುವುದು ಕಾರ್ಬನ್‌ನಿಂದ. ನೀರಿನಲ್ಲಿ ಅದು ಯಾವಾಗಲೂ ಕೊರತೆ. ಸೋಡಾ ಆ ಕೊರತೆಯನ್ನು ಒಂದು ಪಿರಿಯಡ್ ಮಟ್ಟಿಗೆ ತುಂಬುತ್ತಿತ್ತು, ಅದಕ್ಕೇ ಗುಳ್ಳೆ ಅಷ್ಟು ಚೆನ್ನಾಗಿ ಬರುತ್ತಿತ್ತು. ದಯವಿಟ್ಟು ಮನೆಗೆ ಹೋಗಿ ಮೀನಿನ ಟ್ಯಾಂಕಿಗೆ ಸೋಡಾ ಹಾಕಬೇಡಿ. ಪಿಎಚ್ ಒಮ್ಮೆಲೇ ಏರಿ ಮೀನಿಗೆ ಕಷ್ಟವಾಗುತ್ತದೆ.

ಗಿಡದ ಟ್ಯಾಂಕನ್ನೇ ದೊಡ್ಡ ಹವ್ಯಾಸ ಮಾಡಿಕೊಂಡವರು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟು, ಪೈಪಿನಲ್ಲಿ ಗ್ಯಾಸ್ ಬಿಟ್ಟು, ನೀರಿನಲ್ಲಿ ಲೀಟರಿಗೆ ಸುಮಾರು 30 ಮಿಲಿಗ್ರಾಂ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಸಿಲಿಂಡರ್ ಇಲ್ಲದ ನಮ್ಮ ಟ್ಯಾಂಕುಗಳಲ್ಲಿ 2ರಿಂದ 3 ಮಿಲಿಗ್ರಾಂ ಇದ್ದರೆ ಅದೇ ದೊಡ್ಡದು. ಅಂದರೆ ಹತ್ತರಲ್ಲಿ ಒಂದು ಪಾಲು. ಇನ್ನೂ ಒಂದು ತೊಂದರೆ ಇದೆ. ನೀರಿನಲ್ಲಿ ಗ್ಯಾಸ್ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಎಲೆ ತನ್ನ ಪಕ್ಕದಲ್ಲಿರುವ ಕಾರ್ಬನ್ ತಿಂದು ಮುಗಿಸಿದರೆ, ಒಂದು ಗೇಣು ಆಚೆ ಇರುವುದು ತಾನಾಗಿ ಬೇಗ ಬಂದು ಸೇರುವುದಿಲ್ಲ. ಅದಕ್ಕೇ ಫಿಲ್ಟರಿನಿಂದ ನೀರು ಮೆಲ್ಲಗೆ ಸುತ್ತುತ್ತಿರಬೇಕು, ಎಲೆಗಳು ಸಣ್ಣಗೆ ಅಲುಗಾಡುವಷ್ಟು. ಅಷ್ಟು ಸಾಕು.

ಈಗ ಅಡುಗೆಮನೆಗೆ ಬನ್ನಿ. ಅನ್ನಕ್ಕೆ ಇಟ್ಟಿದ್ದೀರಿ, ಪಾತ್ರೆಯಲ್ಲಿ ನೀರು ಕಮ್ಮಿ, ಉರಿ ಜೋರು. ತಳ ಹಿಡಿಯುತ್ತದೆ ಅಲ್ವಾ? ನಮ್ಮ ಟ್ಯಾಂಕಿನಲ್ಲಿ ಲೈಟೇ ಉರಿ, ಕಾರ್ಬನ್ನೇ ನೀರು. ಉರಿ ಜೋರು ಮಾಡಿದರೆ ಗಿಡದ ಹಸಿವು ಮಾತ್ರ ಜಾಸ್ತಿಯಾಗುತ್ತದೆ, ಊಟ ಇದ್ದಷ್ಟೇ ಇರುತ್ತದೆ. ಹೊಟ್ಟೆಗಿಲ್ಲದ ಗಿಡ ಸೊರಗುತ್ತದೆ, ಉಳಿದ ಬೆಳಕನ್ನು ಪಾಚಿ ತೆಗೆದುಕೊಳ್ಳುತ್ತದೆ. ಗಿಡ ಸೊರಗಿದ್ದು ನೋಡಿ ನಾವು ಏನು ಮಾಡುತ್ತೇವೆ? ಪಾಪ, ಬೆಳಕು ಸಾಲುತ್ತಿಲ್ಲ ಅಂತ ಇನ್ನೊಂದು ಲೈಟ್ ತರುತ್ತೇವೆ. ನಾನು ನೋಡಿರುವ ಹಾಳಾದ ಟ್ಯಾಂಕುಗಳಲ್ಲಿ ಬಹುಪಾಲು ಹೀಗೆ ಅತಿ ಪ್ರೀತಿಯಿಂದಲೇ ಹಾಳಾದವು.

ಹಾಗಾದರೆ ಉರಿ ಎಷ್ಟಿರಬೇಕು? ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಗೊಳ್ಳಿ, ನಮ್ಮಲ್ಲಿ ತುಂಬ ಮನೆಗಳಲ್ಲಿ ಇರುವುದು ಅದೇ. ಲೆಕ್ಕಕ್ಕೆ 56 ಲೀಟರ್, ಮರಳು ಕಲ್ಲು ಹಾಕಿದ ಮೇಲೆ 50 ಅಂತ ಇಟ್ಟುಕೊಳ್ಳಿ. ಇದಕ್ಕೆ 10 ವಾಟಿನ, ಸುಮಾರು 1000 ಲುಮೆನ್ ಕೊಡುವ ಬಿಳಿ ಎಲ್‌ಇಡಿ ಧಾರಾಳವಾಗಿ ಸಾಕು. ದಿನಕ್ಕೆ 6 ಗಂಟೆ. ಎರಡು ತಿಂಗಳು ಎಲ್ಲ ಸರಿ ಇದ್ದರೆ 7, ಅದಕ್ಕಿಂತ ಮೇಲೆ ಹೋಗಬೇಡಿ. ಬೆಳಗ್ಗೆ ಎದ್ದ ತಕ್ಷಣ ಹಾಕಿ ರಾತ್ರಿ ಮಲಗುವಾಗ ಆರಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನೀವು ಆಫೀಸಿನಿಂದ ಬಂದು ಕೂತು ನೋಡುವುದು ಸಂಜೆ ತಾನೇ, 4ರಿಂದ 10ರವರೆಗೆ ಇಡಿ, ಮೀನಿಗೂ ಗಿಡಕ್ಕೂ ಏನೂ ಬೇಜಾರಿಲ್ಲ. ಟೈಮರ್ ಹಾಕಿಕೊಳ್ಳಿ. ತಿರುಗುವ ಚಕ್ರದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ನಮ್ಮ ಕಡೆ ದಿನಕ್ಕೆ ಒಂದು ಗಂಟೆ ಕರೆಂಟ್ ಹೋಯಿತು ಅಂದರೆ ಒಂದು ವಾರಕ್ಕೆ ಏಳು ಗಂಟೆ ಹಿಂದೆ ಬಿದ್ದು, ಮಧ್ಯರಾತ್ರಿ ಲೈಟ್ ಉರಿಯುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಂಡರೆ ಆ ತಲೆನೋವಿಲ್ಲ. ಕಿಟಕಿಯ ನೇರ ಬಿಸಿಲು ಬೀಳುವ ಜಾಗದಲ್ಲಿ ಟ್ಯಾಂಕ್ ಇಟ್ಟಿದ್ದರೆ ಪರದೆ ಹಾಕಿ, ಇಲ್ಲವೇ ಟ್ಯಾಂಕನ್ನೇ ಸರಿಸಿ.

ಒಬ್ಬರು ಕೇಳಿದರು: "ಸಾರ್, ನಮ್ಮದು ಬೋರ್‌ವೆಲ್ ನೀರು. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಈ ನೀರಲ್ಲಿ ಗಿಡ ಬರುತ್ತಾ?" ಬರುತ್ತದೆ. ಇಲ್ಲಿ ಮತ್ತೆ ಆ ಸೋಡಾ ಬಂತು ನೋಡಿ. ಅಡುಗೆ ಸೋಡಾ ಅಂದರೆ ಬೈಕಾರ್ಬೊನೇಟ್. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ತಾನಾಗಿಯೇ ಇರುತ್ತದೆ. ಕೆಲವು ಗಿಡಗಳು ಕಾರ್ಬನ್ ಡೈಆಕ್ಸೈಡ್ ಸಿಗದಿದ್ದಾಗ ಅದರಿಂದ ಕಾರ್ಬನ್ ತೆಗೆದುಕೊಳ್ಳಬಲ್ಲವು. ಹೈಡ್ರಿಲ್ಲಾ ಅಂಥದ್ದು, ವ್ಯಾಲಿಸ್ನೇರಿಯಾ ಅಂಥದ್ದು. ಕಬೊಂಬಾಕ್ಕೆ, ನೀರಿನ ಪಾಚಿ ಗಿಡಗಳಿಗೆ ಅಂದರೆ ಮಾಸ್‌ಗಳಿಗೆ ಆ ಶಕ್ತಿ ಇಲ್ಲ. ಹಾಗಾಗಿ ಬೋರ್‌ವೆಲ್ ಇರುವವರು ವ್ಯಾಲಿಸ್ನೇರಿಯಾ ಹಾಕಿ, ನೆಮ್ಮದಿಯಾಗಿರಿ. ನೀರು ಶುದ್ಧವಾಗಲಿ ಅಂತ ಬರೀ ಆರ್‌ಒ ನೀರು ತುಂಬಬೇಡಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಯಾವುದೂ ಉಳಿದಿರುವುದಿಲ್ಲ, ಅವೂ ಗಿಡದ ಊಟವೇ.

ವ್ಯಾಲಿಸ್ನೇರಿಯಾ ಹೆಸರು ಬಂದಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹುಲ್ಲಿನ ಹಾಗೆ ಉದ್ದ ಎಲೆ, ಸುಮ್ನೆ ಹಿಂದೆ ನಿಂತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಒಂದು ಬೆಳಗ್ಗೆ ಟ್ಯಾಂಕಿನ ನೀರಿನ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಕಂಡವು. ಮೀನಿನ ಆಹಾರದ ಪುಡಿ ಅಂದುಕೊಂಡೆ. ಬಗ್ಗಿ ನೋಡಿದರೆ ಅವು ಗಂಡು ಹೂವುಗಳು. ಬುಡದಲ್ಲಿ ಹುಟ್ಟಿ, ಕಳಚಿಕೊಂಡು ಮೇಲೆ ಬಂದು ತೇಲುತ್ತವೆ. ಹೆಣ್ಣು ಹೂವು ದಾರದಂಥ ಉದ್ದ ತೊಟ್ಟಿನ ತುದಿಯಲ್ಲಿ ನೀರಿನ ಮಟ್ಟಕ್ಕೆ ಬಂದು ಕಾದಿರುತ್ತದೆ, ತೇಲಿ ಬಂದವು ಅದನ್ನು ತಾಗುತ್ತವೆ. ಕಾಯಿ ಕಟ್ಟಿದ ಮೇಲೆ ಆ ತೊಟ್ಟು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೂವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಇದೆಲ್ಲ ನಡೆದದ್ದು ನಮ್ಮ ಮನೆಯ ಹಾಲಿನಲ್ಲಿ, 10 ವಾಟಿನ ಬಲ್ಬಿನ ಕೆಳಗೆ. ಯಾವ ದುಬಾರಿ ಕೆಂಪು ಗಿಡವೂ ನನಗೆ ಇಷ್ಟು ಸಂತೋಷ ಕೊಟ್ಟಿಲ್ಲ.

ಬೇರೆ ಯಾವ ಗಿಡ? ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ಹೈಗ್ರೊಫಿಲಾ. ಇದರ ಜೊತೆ ನೀರುಬ್ರಾಹ್ಮಿ, ಅಂಗಡಿಯವರು ಬಕೋಪಾ ಅನ್ನುತ್ತಾರೆ. ನಾವು ತಂಬುಳಿ ಮಾಡುವ ಒಂದೆಲಗವನ್ನೂ ಕೆಲವರು ಬ್ರಾಹ್ಮಿ ಅನ್ನುವುದರಿಂದ ಗೊಂದಲ ಆಗುತ್ತದೆ. ಇದು ಬೇರೆ ಗಿಡ, ಸಣ್ಣ ದಪ್ಪ ಎಲೆಯದ್ದು, ನಮ್ಮ ಗದ್ದೆ ಬದುಗಳಲ್ಲಿ ಸಿಗುತ್ತದೆ. ಕೆಂಪು ಎಲೆಯ ಗಿಡಗಳ ಆಸೆ ಸದ್ಯಕ್ಕೆ ಬಿಡಿ.

ಅಂಗಡಿಯಲ್ಲಿ ಒಂದು ಎಚ್ಚರ ಇರಲಿ. ನೀರಿನ ಗಿಡವೇ ಅಲ್ಲದ್ದನ್ನು ಅಕ್ವೇರಿಯಂ ಗಿಡ ಅಂತ ಮಾರುವುದುಂಟು. ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ನೇರಳೆ ಬಣ್ಣದ ಹೆಮಿಗ್ರಾಫಿಸ್ ಇವೆಲ್ಲ ನೆಲದ ಗಿಡಗಳು. ಮುಳುಗಿಸಿಟ್ಟರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ತಡೆದುಕೊಂಡು ಕೊಳೆಯುತ್ತವೆ. ನಿಮ್ಮ ಆರೈಕೆಯಲ್ಲಿ ತಪ್ಪೇನೂ ಇರುವುದಿಲ್ಲ. ಮನಿಪ್ಲಾಂಟ್ ಮಾತ್ರ ಇಲ್ಲಿ ದೊಡ್ಡ ಉಪಕಾರಿ: ಬೇರು ನೀರಿನಲ್ಲಿ, ಎಲೆ ಟ್ಯಾಂಕಿನ ಹೊರಗೆ. ಎಲೆಗೆ ಗಾಳಿಯಿಂದ ಬೇಕಾದಷ್ಟು ಕಾರ್ಬನ್ ಸಿಗುವುದರಿಂದ ಜೋರಾಗಿ ಬೆಳೆದು, ನೀರಿನಲ್ಲಿ ಸೇರಿಕೊಂಡ ನೈಟ್ರೇಟನ್ನು ಹೀರುತ್ತದೆ. ತೇಲುವ ಗಿಡಗಳ ಗುಟ್ಟೂ ಇದೇ. ಕಟ್ಟು ಕಟ್ಟಿದ ಗಿಡಗಳ ಬುಡದಲ್ಲಿ ಸೀಸದ ಪಟ್ಟಿ ಸುತ್ತಿರುತ್ತಾರೆ, ಅದನ್ನು ಬಿಚ್ಚಿ ಎಸೆಯಿರಿ. ಒತ್ತಿದ ಜಾಗದಲ್ಲಿ ಕಾಂಡ ಕೊಳೆತಿರುತ್ತದೆ, ಅಷ್ಟನ್ನು ಕತ್ತರಿಸಿ, ಒಂದೊಂದೇ ಕಡ್ಡಿಯನ್ನು ಬಿಡಿಬಿಡಿಯಾಗಿ ನೆಡಿ.

ಈಗ ಕ್ರಿಪ್ಟೊಕೊರೈನ್ ಕಥೆ. ಮೊದಲ ಸಲ ನಾನು ಏಳು ಗಿಡ ತಂದು ನೆಟ್ಟೆ. ನಾಲ್ಕನೇ ದಿನಕ್ಕೆ ಎಲೆಗಳು ಗಾಜಿನ ಹಾಗೆ ತೆಳ್ಳಗಾದವು, ಆರನೇ ದಿನಕ್ಕೆ ಮುಟ್ಟಿದರೆ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬರುತ್ತಿದ್ದವು. ಸತ್ತವು ಅಂತ ಎಲ್ಲವನ್ನೂ ಕಿತ್ತು ಹಾಕಿದೆ. ಒಂದರ ಬೇರು ಕಲ್ಲಿನ ಕೆಳಗೆ ಸಿಕ್ಕಿಕೊಂಡಿದ್ದರಿಂದ ಬರಲಿಲ್ಲ. ತಿಂಗಳ ಮೇಲೆ ಆ ಕಲ್ಲಿನ ಪಕ್ಕ ಕಿರುಬೆರಳಿನ ಉಗುರಿನಷ್ಟು ಒಂದು ಎಲೆ, ಕಂದು ಬಣ್ಣದ್ದು, ಹೊರಗೆ ಬಂದಿತ್ತು. ಆಮೇಲೆ ಇನ್ನೊಂದು. ಉಳಿದ ಆರನ್ನು ನಾನು ಜೀವ ಇರುವಾಗಲೇ ಕಿತ್ತಿದ್ದೆ ಅಂತ ಆಗ ಗೊತ್ತಾಯಿತು. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹೀಗೆ ಯಾಕಾಗುತ್ತದೆ ಅಂದರೆ, ನರ್ಸರಿಗಳಲ್ಲಿ ಈ ಗಿಡಗಳನ್ನು ಬೆಳೆಸುವುದು ನೀರಿನಲ್ಲಿ ಮುಳುಗಿಸಿ ಅಲ್ಲ. ಬೇರು ಒದ್ದೆಯಲ್ಲಿ, ಎಲೆ ಗಾಳಿಯಲ್ಲಿ. ಗಾಳಿಯಲ್ಲಿ ಬೆಳೆದ ಎಲೆಗೆ ಒಣಗದಿರಲಿ ಅಂತ ಮೇಣದ ಪದರ ಇರುತ್ತದೆ, ನೀರಿನೊಳಗೆ ಅದೇ ಪದರ ಗ್ಯಾಸಿಗೆ ಅಡ್ಡ. ಹಾಗಾಗಿ ಗಿಡ ಹಳೆ ಎಲೆ ಬಿಟ್ಟು, ಬೇರಿನಲ್ಲಿರುವ ಶಕ್ತಿಯಿಂದ ನೀರಿಗೆ ಹೊಂದುವ ತೆಳು ಎಲೆ ಹೊಸದಾಗಿ ಹುಟ್ಟಿಸುತ್ತದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಕ್ರಿಪ್ಟೊಕೊರೈನ್ ಇದೆ, ರೆಟ್ರೋಸ್ಪೈರಾಲಿಸ್ ಅನ್ನುವ ಜಾತಿ. ಮಳೆಗಾಲದಲ್ಲಿ ಮುಳುಗಿ, ಹೊಳೆ ಇಳಿದಾಗ ಬಿಸಿಲಿಗೆ ತೆರೆದುಕೊಳ್ಳುವ ಬದುಕು. ಎಲೆ ಬದಲಿಸುವುದು ಇಂಥ ಗಿಡಗಳಿಗೆ ವರ್ಷ ವರ್ಷದ ಕೆಲಸ. ಕರಗಿದ ಎಲೆಯನ್ನು ಕತ್ತರಿಯಲ್ಲಿ ತೆಗೆದು ಬೇರನ್ನು ಮುಟ್ಟದೆ 4 ವಾರ ಬಿಡಿ. ಹಾಗಂತ ಹೊಳೆಯಿಂದ ಕಿತ್ತು ತರಬೇಡಿ. ನರ್ಸರಿಯಲ್ಲಿ ಬೆಳೆದದ್ದು ಬೇಕಾದಷ್ಟು ಸಿಗುತ್ತದೆ.

ಅನುಬಿಯಾಸ್, ಜಾವಾ ಫರ್ನ್ ನೆಡುವಾಗ ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಇವಕ್ಕೆ ಶುಂಠಿಯ ಹಾಗೆ ಅಡ್ಡ ಹೋಗುವ ಒಂದು ಗಡ್ಡೆ ಇದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಿ, ಇಲ್ಲವೇ ಫೆವಿಕ್ವಿಕ್ ತರದ ಅಂಟನ್ನು ಒಂದು ಹನಿ ಹಾಕಿ ಕೂರಿಸಿ.

ಮಣ್ಣಿನ ವಿಷಯ ಬೇಗ ಮುಗಿಸುತ್ತೇನೆ. ಜರಡಿ ಹಿಡಿದ ಕೆಂಪು ಮಣ್ಣು ಒಂದು ಇಂಚು, ಅದರ ಮೇಲೆ ತೊಳೆದ ಮರಳು ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಸಗಣಿ ಗೊಬ್ಬರ, ಕೋಳಿ ಗೊಬ್ಬರ ಬೆರೆಸಬೇಡಿ, ಅಮೋನಿಯಾ ಬಂದು ಮೀನು ಸಾಯುತ್ತವೆ. ಅಲಂಕಾರದ ಕಲ್ಲಿನ ಮೇಲೆ ಮೊದಲು ವಿನೆಗರ್ ಹನಿಸಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ, ನೀರನ್ನು ಇನ್ನೂ ಗಡಸು ಮಾಡುತ್ತದೆ.

ಗೊಬ್ಬರ ಬೇಕಾ? ಇದು ಎಲ್ಲ ಕಡೆ ಬರುವ ಪ್ರಶ್ನೆ. ಮೀನಿಗೆ ಹಾಕುವ ಆಹಾರದಲ್ಲೇ ಸಾರಜನಕ, ರಂಜಕ ಸಾಕಷ್ಟು ಬರುತ್ತದೆ. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ, ಗಿಡ ಅಮೋನಿಯಾ ಹೀರಿದಷ್ಟೂ ಮೀನಿಗೆ ಒಳ್ಳೆಯದು. ಸಾಮಾನ್ಯವಾಗಿ ಕೊರತೆ ಬೀಳುವುದು ಪೊಟ್ಯಾಷ್ ಮತ್ತು ಕಬ್ಬಿಣ. ಯಾವುದು ಕಮ್ಮಿ ಅಂತ ಎಲೆಯೇ ಹೇಳುತ್ತದೆ. ಹಳೆ ಎಲೆ ಮೊದಲು ಕೆಡುತ್ತಿದೆಯೋ ಹೊಸ ಎಲೆ ಮೊದಲು ಕೆಡುತ್ತಿದೆಯೋ ನೋಡಿ. ಸಾರಜನಕ, ಪೊಟ್ಯಾಷ್ ಇವನ್ನು ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡಬಲ್ಲದು. ಹಾಗಾಗಿ ಕೊರತೆ ಕಾಣುವುದು ಹಳೆ ಎಲೆಯಲ್ಲಿ. ಗುಂಡುಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ತೂತು, ಸುತ್ತ ಹಳದಿ ಅಂಚು ಕಂಡರೆ ಪೊಟ್ಯಾಷ್ ಕಮ್ಮಿ. ಕಬ್ಬಿಣವನ್ನು ಗಿಡ ಹಾಗೆ ಸಾಗಿಸಲಾರದು. ಅದಕ್ಕೇ ಹೊಸ ಎಲೆಯೇ ಬಿಳಿಚಿಕೊಂಡು ಹುಟ್ಟುತ್ತದೆ, ನರ ಮಾತ್ರ ಹಸಿರು. ಸುಣ್ಣದ ಅಂಶ ಜಾಸ್ತಿ ಇರುವ ಕಪ್ಪು ಮಣ್ಣಿನಲ್ಲಿ ಶೇಂಗಾ ಬೆಳೆದವರು ಇಲ್ಲಿದ್ದರೆ ಇದು ಅವರಿಗೆ ಹೊಸದಲ್ಲ, ಹೊಲದಲ್ಲಿ ಅದೇ ಹಳದಿಯನ್ನು ನೋಡಿರುತ್ತೀರಿ. ಗಡಸು ನೀರಿನ ಟ್ಯಾಂಕಿನಲ್ಲೂ ಕಬ್ಬಿಣ ಇದ್ದೂ ಗಿಡಕ್ಕೆ ದಕ್ಕುವುದಿಲ್ಲ.

ಪೊಟ್ಯಾಷ್‌ಗೆ ಅಕ್ವೇರಿಯಂ ಅಂಗಡಿಯ ಬಣ್ಣದ ಬಾಟಲಿಯೇ ಬೇಕಾಗಿಲ್ಲ. ಗೊಬ್ಬರದ ಅಂಗಡಿಯಲ್ಲಿ 0-0-50 ಅಂತ ಕೇಳಿ, ಅದು ಪೊಟ್ಯಾಸಿಯಂ ಸಲ್ಫೇಟ್. 50 ಲೀಟರ್ ನೀರಿಗೆ ಅರ್ಧ ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 4 ಮಿಲಿಗ್ರಾಂ ಪೊಟ್ಯಾಸಿಯಂ ಸೇರಿದ ಹಾಗೆ. ವಾರಕ್ಕೊಮ್ಮೆ ಅಷ್ಟು ಸಾಕು. ಒಂದು ಕಿಲೋ ತಂದರೆ ಇಲ್ಲಿರುವವರೆಲ್ಲ ಹಂಚಿಕೊಳ್ಳಬಹುದು. ಆದರೆ 19-19-19 ಅನ್ನುವ ಗೊಬ್ಬರ ಮಾತ್ರ ಮುಟ್ಟಬೇಡಿ. ಅದರಲ್ಲಿ ಯೂರಿಯಾ, ಅಮೋನಿಯಾ ರೂಪದ ಸಾರಜನಕ ಇರುತ್ತದೆ, ಮೀನಿಗೆ ವಿಷ.

ಪಾಚಿ ಬಂದರೆ? ಹೊಸ ಟ್ಯಾಂಕಿನಲ್ಲಿ ಕಂದು ಧೂಳಿನಂಥದ್ದು ಬರುತ್ತದೆ, ಒಂದೆರಡು ತಿಂಗಳಲ್ಲಿ ತಾನೇ ಹೋಗುತ್ತದೆ, ಬಟ್ಟೆಯಲ್ಲಿ ಒರೆಸಿ ಸುಮ್ಮನಿರಿ. ಕೂದಲಿನಂಥ ಹಸಿರು ಪಾಚಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಸುತ್ತಿ ತೆಗೆಯಿರಿ. ನೀರೇ ಹಸಿರಾದರೆ 4 ದಿನ ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ ಪೂರ್ತಿ ಕತ್ತಲು ಮಾಡಿ, ಗಾಳಿ ಪಂಪ್ ಓಡುತ್ತಿರಲಿ. ಎಲ್ಲದರ ಜೊತೆ ಲೈಟನ್ನು ಒಂದು ಗಂಟೆ ಇಳಿಸಿ. ಪಾಚಿ ಕೊಲ್ಲುವ ಔಷಧಿ ತರಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಸತ್ತ ಪಾಚಿ ಅಲ್ಲೇ ಕೊಳೆಯುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಬಳ್ಳಾರಿಯಿಂದ ಬಂದಿದ್ದ ಒಬ್ಬರು ಬೇಸಿಗೆಯ ಬಗ್ಗೆ ಕೇಳಿದರು, ಏಪ್ರಿಲ್‌ನಲ್ಲಿ ಅವರ ಟ್ಯಾಂಕಿನ ನೀರು 32 ಡಿಗ್ರಿ ದಾಟುತ್ತದಂತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಮ್ಮಿ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 32ರಲ್ಲಿ ಸುಮಾರು 7.3. ರಾತ್ರಿ ಗಿಡವೂ ಉಸಿರಾಡಿ ಅದನ್ನೇ ಬಳಸುತ್ತದೆ. ಅದಕ್ಕೆ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದು. ಟ್ಯಾಂಕಿನ ಮುಚ್ಚಳ ತೆಗೆದು, ಬಲೆ ಹಾಕಿ, ನೀರಿನ ಮೇಲೆ ಬೀಸುವ ಹಾಗೆ ಒಂದು ಸಣ್ಣ ಫ್ಯಾನ್ ಇಡಿ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಹಾಗೇ ಇದೂ ಆರಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಮೇಲೆ ಮೇಲೆ ತುಂಬಿಸುತ್ತಾ ಹೋಗದೆ ಎರಡು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯೊಬ್ಬಳದು: "ಗಿಡ ಜಾಸ್ತಿ ಬೆಳೆದರೆ ಕೆರೆಗೆ ಬಿಡಬಹುದಾ ಅಂಕಲ್?" ಬೇಡ ಪುಟ್ಟಾ, ಒಂದು ಕಡ್ಡಿಯನ್ನೂ ಬಿಡಬೇಡ. 2020ರಲ್ಲಿ ಕೇರಳದ ಪೇರಾಂಬ್ರದ ಹತ್ತಿರ ಆವಳ ಪಾಂಡಿ ಅನ್ನುವ ಕಡೆ ಒಂದು ಕಾಲುವೆಯ ತುಂಬ ಗುಲಾಬಿ ಹೂ ಅರಳಿ, ನೋಡಲು ಜನ ಮುಗಿಬಿದ್ದಿದ್ದರು. ಅದು ಕಬೊಂಬಾ ಫರ್ಕಾಟಾ, ದಕ್ಷಿಣ ಅಮೆರಿಕದ ಗಿಡ, ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವಂಥದ್ದು. ನೋಡಲು ಚಂದ, ಆದರೆ ಅದು ದಟ್ಟವಾಗಿ ಹಬ್ಬಿದ ನೀರಿನಲ್ಲಿ ಅಲ್ಲಿಯದೇ ಗಿಡಗಳಿಗೆ ಜಾಗ ಉಳಿಯುವುದಿಲ್ಲ. ನಮ್ಮ ಬೆಂಗಳೂರಿನ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ಜೊಂಡು, ಅಂದರೆ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಚಂದಕ್ಕೆ ಅಂತಲೇ ಬಂದದ್ದು. ಕತ್ತರಿಸಿದ್ದನ್ನು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ಆಮೇಲೆ ಹೂವಿನ ಕುಂಡಕ್ಕೆ ಹಾಕಿ. ಜೀವಂತ ಇರುವುದನ್ನು ಯಾರಿಗಾದರೂ ಕೊಡಿ.

ನಾನು ಇವತ್ತು ಅದಕ್ಕೇ ಒಂದು ಬಕೆಟ್ ತಂದಿದ್ದೇನೆ, ಬಾಗಿಲ ಪಕ್ಕ ಇದೆ. ವ್ಯಾಲಿಸ್ನೇರಿಯಾ ಮರಿಗಳು ಸುಮಾರು ನಲವತ್ತು, ಕ್ರಿಪ್ಟೊಕೊರೈನ್ ಇಪ್ಪತ್ತರ ಮೇಲೆ. ಕ್ರಿಪ್ಟೊಕೊರೈನ್ ಎಲ್ಲವೂ ಆ ಕಲ್ಲಿನ ಕೆಳಗೆ ಉಳಿದ ಒಂದು ಬೇರಿನ ಸಂತಾನ. ನೀರಿನಲ್ಲೇ ಬೆಳೆದವು, ಆದರೂ ನಿಮ್ಮ ನೀರು ಬೇರೆಯಾದ್ದರಿಂದ ಎಲೆ ಕರಗಬಹುದು. ಒದ್ದೆ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ, ಇವತ್ತು ರಾತ್ರಿಯೇ ನೆಡಿ. ಎಲೆ ಕರಗಿದರೆ ಕೀಳಬೇಡಿ, ಒಂದು ತಿಂಗಳು ಬಿಟ್ಟು ನನಗೆ ಫೋಟೋ ಕಳಿಸಿ.